ರಂಜಕ ಹೆಚ್ಚಾದರೆ ಸತುವಿಗೆ ಬರ

ಬೇರು ಚೆನ್ನಾಗಿ ಬೆಳೆಯಲು ಅಡಿಕೆಗೂ ಕಾಫಿಗೂ ರಂಜಕ ಬೇಕು. ಆದರೆ ಅದು ಮಿತಿ ಮೀರಿದರೆ ಸತುವಿನಂತಹ ಲಘು ಪೋಷಕಾಂಶಗಳು ಗಿಡಕ್ಕೆ ದೊರೆಯುವುದಿಲ್ಲ. ಈ ವಿಷಯದ ಕಡೆಗೆ ಕೃಷಿಕರು ಗಮನ ಕೊಡುವುದು ಅವಶ್ಯ.

ನಮ್ಮ ಜಿಲ್ಲೆಯ ಮುರ ಮಣ್ಣು ಹುಳಿ ಮಣ್ಣು. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ, ನಾವು ಹಾಕಿದ ರಂಜಕದ ಬಹುಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ಸಾರಜನಕದಂತೆ ಅದು ಮಳೆನೀರಿನಲ್ಲಿ ಇಳಿದು ಹೋಗದೆ ವರ್ಷವರ್ಷವೂ ಬುಡದಲ್ಲಿ ಶೇಖರವಾಗುತ್ತದೆ. ಹೀಗೆ ರಂಜಕ ಅಂಟಿಕೊಂಡ ಮಣ್ಣಿನ ಕಣಗಳು ಸತುವನ್ನೂ ಬಿಗಿಯಾಗಿ ಹಿಡಿಯುತ್ತವೆ. ಬೇರಿಗೆ ಸತುವನ್ನು ಒದಗಿಸುವ ಉಪಕಾರಿ ಶಿಲೀಂಧ್ರಗಳೂ ಕ್ಷೀಣಿಸುತ್ತವೆ. ಬೇರು ಹೀರಿದ ಅಲ್ಪ ಸತುವೂ ಎಲೆಗೆ ಸರಿಯಾಗಿ ಏರುವುದಿಲ್ಲ.

ಕಾಫಿಯಲ್ಲಿ ಇದರ ಲಕ್ಷಣ ಸ್ಪಷ್ಟ: ಚಿಗುರೆಲೆಗಳು ಕಿರಿದಾಗಿ, ನರಗಳ ನಡುವೆ ಹಳದಿಯಾಗುತ್ತವೆ, ಗಿಣ್ಣುಗಳ ಅಂತರ ಕುಗ್ಗುತ್ತದೆ. ಅಡಿಕೆ ಸೋಗೆ ಹಳದಿಯಾಗಲು ಮಾತ್ರ ನೀರು ನಿಲ್ಲುವುದು, ಹಳದಿ ಎಲೆ ರೋಗ ಮುಂತಾಗಿ ಕಾರಣಗಳು ಹಲವು. ಪರೀಕ್ಷಿಸದೆ ತೀರ್ಮಾನಿಸಬಾರದು.

ಲೆಕ್ಕ ನೋಡಿ

ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು ಮಾಡಿರುವುದು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. 17:17:17 ಗೊಬ್ಬರವೊಂದರಿಂದಲೇ 140 ಗ್ರಾಂ ಪೊಟ್ಯಾಷ್ ಒದಗಿಸಬೇಕಾದರೆ ಸುಮಾರು 820 ಗ್ರಾಂ ಹಾಕಬೇಕು. ಆಗ ರಂಜಕವೂ 140 ಗ್ರಾಂ ಬೀಳುತ್ತದೆ. ಎಂದರೆ ಬೇಕಾದುದರ ಮೂರೂವರೆ ಪಾಲು! ಹೆಚ್ಚುವರಿ ಗೊಬ್ಬರಕ್ಕೆ ಕೊಟ್ಟ ಹಣ ಮಣ್ಣುಪಾಲು, ಮೇಲೆ ಸತುವಿಗೂ ಕೊರತೆ.

ಇದರ ಬದಲು ಸುಮಾರು 220 ಗ್ರಾಂ ಯೂರಿಯಾ, ಶೇಕಡಾ 20 ರಂಜಕವಿರುವ ಶಿಲಾರಂಜಕ 200 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 235 ಗ್ರಾಂ ಕೊಟ್ಟರೆ ಮೂರೂ ಹದವಾಗಿ ಸಿಗುತ್ತವೆ. ಶಿಲಾರಂಜಕ ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗುವುದರಿಂದ ನಮ್ಮ ತೋಟಗಳಿಗೆ ಹೊಂದುತ್ತದೆ.

ಅನುಸರಿಸಬೇಕಾದ ಕ್ರಮ

1. ಮಣ್ಣು ಪರೀಕ್ಷೆ ಮಾಡಿಸಿ. ರಂಜಕದೊಂದಿಗೆ ಸತು, ತಾಮ್ರಗಳನ್ನೂ ನೋಡಿಸಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ತೋಟಗಳಲ್ಲಿ ತಾಮ್ರ ಶೇಖರವಾಗಿರುತ್ತದೆ. ಅದು ಹೆಚ್ಚಾದರೂ ಸತುವಿಗೆ ಅಡ್ಡಿಯೇ.

2. ರಂಜಕ ಅಧಿಕವೆಂದು ತಿಳಿದರೆ, ಸಲಹೆ ಪಡೆದು ಕೆಲವು ವರ್ಷ ಅದನ್ನು ಕಡಿಮೆ ಮಾಡಿ ಅಥವಾ ನಿಲ್ಲಿಸಿ.

3. ಕಾಫಿಯಲ್ಲಿ ಸತುವಿನ ಕೊರತೆ ಖಚಿತವಾದರೆ 100 ಲೀಟರ್ ನೀರಿಗೆ ಅರ್ಧ ಕಿಲೋ ಜಿಂಕ್ ಸಲ್ಫೇಟ್, ಕಾಲು ಕಿಲೋ ಸುಣ್ಣ ಬೆರೆಸಿ ಎಲೆಗೆ ಸಿಂಪಡಿಸಿ. ಜಿಂಕ್ ಸಲ್ಫೇಟನ್ನು ರಂಜಕದ ಗೊಬ್ಬರದೊಡನೆ ಎಂದೂ ಬೆರೆಸಬಾರದು. ಎರಡೂ ಕೂಡಿ ಕರಗದ ವಸ್ತುವಾಗುತ್ತವೆ.

4. ಸೊಪ್ಪು, ಹಟ್ಟಿಗೊಬ್ಬರ ಬಿಡಬೇಡಿ. ಲಘು ಪೋಷಕಾಂಶಗಳನ್ನು ಬೇರಿಗೆ ದೊರೆಯುವಂತೆ ಇಡುವ ಶಕ್ತಿ ಅವಕ್ಕಿದೆ.

ಎಲೆ ಬಿಳಿಚಿತೆಂದು ಇನ್ನೊಂದು ಚೀಲ ಗೊಬ್ಬರ ಸುರಿಯುವ ಮೊದಲು ಮಣ್ಣು ಏನು ಹೇಳುತ್ತದೆಂದು ತಿಳಿಯುವುದೇ ಲಾಭ.