ಹಳೆ ಬಂದರಿನಿಂದ ಹವಳದ ದ್ವೀಪಕ್ಕೆ: ಮಂಜಿಯ ಮೇಲೆ ಮೂವತ್ತು ತಾಸು

ಮಂಗಳೂರು: ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಸಾವಿರಾರು ಜನ ಹತ್ತಿ ಇಳಿಯುತ್ತಾರೆ. ಅಲ್ಲಿಂದ ಪಡುವಣಕ್ಕೆ ಸ್ವಲ್ಪ ಇಳಿದು ನಡೆದರೆ ಇನ್ನೊಂದು ಸ್ಟ್ಯಾಂಡು ಉಂಟು. ಅಲ್ಲಿ ಟೈಂಕೀಪರ್ ಇಲ್ಲ, ಬೋರ್ಡಿಲ್ಲ, ಕಂಡಕ್ಟರನ ಸೀಟಿಯೂ ಇಲ್ಲ. ಉಬ್ಬರ ನೋಡಿ, ಗಾಳಿ ನೋಡಿ ಹೊರಡುವುದು.

ಅದೇ ಹಳೆ ಬಂದರು. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲು ಸೇರುವ ಅಳಿವೆಯ ಒಳಮಗ್ಗುಲು. ದಕ್ಕೆಗೆ ತಾಗಿ ನಿಂತ ಮರದ ಮಂಜಿಗಳಿಗೆ ಕೂಲಿಯಾಳುಗಳು ಅಕ್ಕಿ, ಈರುಳ್ಳಿ, ಬಟಾಟೆ, ಸಿಮೆಂಟು, ಕಬ್ಬಿಣ, ಕೆಂಪುಕಲ್ಲು, ಜಲ್ಲಿ ತುಂಬುತ್ತಾರೆ. ಹೋಗುವುದು ಲಕ್ಷದ್ವೀಪಕ್ಕೆ. ಈಗ ಎಲ್ಲದಕ್ಕೂ ಡೀಸೆಲ್ ಎಂಜಿನ್ ಬಂದಿದೆ. ಆದರೂ ಕಾಗದಪತ್ರದಲ್ಲಿ ಇವುಗಳ ಹೆಸರು ‘ಯಾಂತ್ರಿಕ ಹಾಯಿಹಡಗು’ ಎಂದೇ.

ಹಾಯಿದೋಣಿ ಇಟ್ಟುಕೊಂಡು ದ್ವೀಪದಿಂದ ದ್ವೀಪಕ್ಕೆ ತಿರುಗುವ, ಹವಳ, ಆಮೆ, ಡಾಲ್ಫಿನ್ ನೋಡಿ ಬರುವ ಶ್ರೀಮಂತರು ಪರದೇಶದಲ್ಲಿ ಬೇಕಾದಷ್ಟಿದ್ದಾರೆ. ಅದಕ್ಕಾಗಿ ಲಕ್ಷಗಟ್ಟಲೆ ಸುರಿಯುತ್ತಾರೆ. ನಮ್ಮ ಬಂದರಿನ ಖಲಾಸಿಗೆ ಅಂಥದ್ದೇ ಕಡಲು, ಅಂಥದ್ದೇ ದ್ವೀಪ, ಹೊಟ್ಟೆಪಾಡಿನ ದಾರಿಯಲ್ಲೇ ಸಿಗುತ್ತದೆ. ಅವನು ಏನು ನೋಡುತ್ತಾನೆ, ಹೇಗೆ ಬದುಕುತ್ತಾನೆ ಎಂಬುದು ಮಾತ್ರ ಪೇಟೆಗೆ ಗೊತ್ತಿಲ್ಲ.

ಬೆಂಗಳೂರಿಗಿಂತ ಹತ್ತಿರ

ಲಕ್ಷದ್ವೀಪ ಎಂದರೆ ಎಲ್ಲೋ ದೂರ ಎಂದು ನಮ್ಮ ಲೆಕ್ಕ. ಆದರೆ ಅಮಿನಿ, ಕಡಮತ್, ಚೆತ್ಲತ್ ದ್ವೀಪಗಳು ಇಲ್ಲಿಂದ ನೇರ ಅಳತೆಯಲ್ಲಿ 265ರಿಂದ 300 ಕಿಲೋಮೀಟರ್. ಬೆಂಗಳೂರಿಗೆ ರಸ್ತೆಯಲ್ಲಿ ಹೋದರೆ ಇದಕ್ಕಿಂತ ಹೆಚ್ಚಾಗ್ತದೆ. ಬಸ್ಸಿಗೆ ಒಂದು ರಾತ್ರಿ ಸಾಕು. ಗಂಟೆಗೆ ಐದು ನಾಟಿಕಲ್ ಮೈಲು ಹೋಗುವ ಮಂಜಿಗೆ ಸುಮಾರು ಮೂವತ್ತು ತಾಸು ಬೇಕು. ಎದುರು ಗಾಳಿ ಬಿದ್ದರೆ ಇನ್ನೂ ಹೆಚ್ಚು.

ಸಂಬಂಧವೂ ಹಳೆಯದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ಬಡಗಣ ದ್ವೀಪಗಳು ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿ ಕೆನರಾ ಜಿಲ್ಲೆಗೆ ಕೂಡಿದವು. 1956ರ ತನಕ ಅವುಗಳ ಕಚೇರಿ ಕೆಲಸವೆಲ್ಲ ಮಂಗಳೂರಿನ ಕಲೆಕ್ಟರರದು. ದ್ವೀಪದವರು ತೆಂಗಿನ ಹುರಿಯಿಂದ ಹೊಲಿದ ‘ಓಡ’ಗಳಲ್ಲಿ ಹಗ್ಗ ತುಂಬಿಕೊಂಡು ಇಲ್ಲಿಗೆ ಬರುತ್ತಿದ್ದರು. ಹಗ್ಗವನ್ನು ಸರ್ಕಾರವೇ ಕೊಂಡು ಬದಲಿಗೆ ಅಕ್ಕಿ ಅಳೆದು ಕೊಡುತ್ತಿತ್ತು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಬಂತು. 1973ರಲ್ಲಿ ಲಕ್ಷದ್ವೀಪ ಎಂಬ ಹೆಸರೂ ಬಂತು. ಕಚೇರಿ ಹೋಯಿತು, ಅಕ್ಕಿಯ ದಾರಿ ಮಾತ್ರ ಉಳಿಯಿತು.

ಹಲಗೆಯ ಮೇಲಿನ ಸಂಸಾರ

ಒಂದು ಮಂಜಿಯಲ್ಲಿ ಆರೋ ಎಂಟೋ ಜನ. ಯಜಮಾನಿಕೆ ತಾಂಡೇಲನದು. ಎಂಜಿನ್ನಿಗೆ ಒಬ್ಬ, ಅಡುಗೆಗೆ ಒಬ್ಬ ಭಂಡಾರಿ, ಉಳಿದವರು ಖಲಾಸಿಗಳು. ಕೋಣೆ ಎಂದು ಹೇಳಿಕೊಳ್ಳುವುದು ಹಿಂಭಾಗದ ಒಂದು ಗೂಡು ಮಾತ್ರ. ನಿದ್ದೆ ಬಂದರೆ ಚೀಲದ ಮೇಲೋ ಹಲಗೆಯ ಮೇಲೋ ಒರಗಬೇಕು. ಕುಡಿಯುವ ನೀರು ಡ್ರಮ್ಮಿನಲ್ಲಿ. ಅದು ಕುಡಿಯಲಿಕ್ಕೆ, ಬೇಯಿಸಲಿಕ್ಕೆ ಮಾತ್ರ. ಸ್ನಾನಕ್ಕೆ ಕಡಲ ನೀರು, ಮೈಯೆಲ್ಲ ಉಪ್ಪು. ಪಾಯಿಖಾನೆ ಎಂದರೆ ಹಿಂದುಗಡೆ ಕಡಲಿನ ಮೇಲೆ ನೇತುಹಾಕಿದ ಮರದ ಪೆಟ್ಟಿಗೆ.

ಊಟ ಅನ್ನ, ಸಾರು. ಮೀನು ಬೇಕಾದರೆ ಹಿಂದೆ ಒಂದು ಗಾಳದ ದಾರ ಬಿಟ್ಟುಕೊಂಡರಾಯಿತು. ಅಂಜಲ್ ಸಿಕ್ಕರೆ ಅಂದು ಹಬ್ಬ. ಏನೂ ಸಿಗದ ದಿನ ಒಣಮೀನು, ಉಪ್ಪಿನಕಾಯಿ.

ಎಲ್ಲಕ್ಕಿಂತ ದೊಡ್ಡ ಕೆಲಸ ನೀರು ತೆಗೆಯುವುದು. ಮರದ ಹಡಗು ಎಂದರೆ ಎರಡು ಹಲಗೆಯ ನಡುವಿನ ಸಂದು, ಆ ಸಂದಿಗೆ ಹತ್ತಿ ತುರುಕಿ ಎಣ್ಣೆ ಮೆತ್ತಿದ್ದು. ತೆರೆ ಬಡಿದು ಬಡಿದು ಎಲ್ಲಾದರೂ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಪಂಪು ಓಡುತ್ತಿದ್ದರೆ ಏನೂ ಇಲ್ಲ. ಪಂಪು ನಿಂತರೆ ಕೆಳಗೆ ಸಿಮೆಂಟು, ಮೇಲೆ ಆಕಾಶ. ನೂರಾರು ಟನ್ ಜಲ್ಲಿ ಹೊತ್ತ ಹಡಗು ತೇಲುವುದು ಪಂಪಿನ ದಯೆಯಿಂದ ಎಂದರೂ ತಪ್ಪಿಲ್ಲ.

ಒಂದು ಬೆರಳಿನ ಲೆಕ್ಕ

ಈಗ ದಾರಿ ಹೇಳಲಿಕ್ಕೆ ಉಪಗ್ರಹದ ಯಂತ್ರ ಉಂಟು. ಅದಿಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಲಕ್ಷದ್ವೀಪದ ನೆಲ ಕಡಲ ಮಟ್ಟದಿಂದ ಕೆಲವೇ ಮೀಟರ್ ಎತ್ತರ. ಗುಡ್ಡವಿಲ್ಲ, ಬೆಟ್ಟವಿಲ್ಲ. ಹತ್ತು ಹನ್ನೆರಡು ಮೈಲು ಹತ್ತಿರ ಬರುವ ತನಕ ತೆಂಗಿನ ತಲೆಯೂ ಕಾಣುವುದಿಲ್ಲ. ಸ್ವಲ್ಪ ತಪ್ಪಿದರೆ ದ್ವೀಪವನ್ನು ಪಕ್ಕಕ್ಕೆ ಬಿಟ್ಟು ಆಫ್ರಿಕದ ಕಡೆಗೆ ಪಯಣ!

ದ್ವೀಪದ ಮಾಲ್ಮಿಗಳು, ಅಂದರೆ ದಾರಿ ಬಲ್ಲವರು, ಒಂದು ಸಣ್ಣ ಮರದ ಹಲಗೆ, ಅದರ ನಡುವಿನಿಂದ ಗಂಟು ಹಾಕಿದ ಒಂದು ದಾರ ಇಟ್ಟುಕೊಳ್ಳುತ್ತಿದ್ದರು. ಇದಕ್ಕೆ ಅರಬರು ‘ಕಮಾಲ್’ ಎನ್ನುತ್ತಿದ್ದರು, ದ್ವೀಪದಲ್ಲಿ ‘ರಾಪಲಗೆ’. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ಮುಂದೆ ಚಾಚಿ, ಕೆಳ ಅಂಚು ಕಡಲಿಗೆ, ಮೇಲಂಚು ಧ್ರುವ ನಕ್ಷತ್ರಕ್ಕೆ ಸರಿಹೋಗುತ್ತದೋ ನೋಡುವುದು. ಧ್ರುವ ನಕ್ಷತ್ರ ಮಂಗಳೂರಿನಲ್ಲಿ ಸುಮಾರು 13 ಡಿಗ್ರಿ ಎತ್ತರದಲ್ಲಿದ್ದರೆ ಅಮಿನಿಯಲ್ಲಿ 11 ಡಿಗ್ರಿ. ಕೈ ಚಾಚಿ ಹಿಡಿದ ಬೆರಳಿನ ಲೆಕ್ಕದಲ್ಲಿ ಇದು ಒಂದು ಬೆರಳಿಗಿಂತ ತುಸು ಜಾಸ್ತಿ. ಆ ಒಂದು ಬೆರಳು ಇಳಿದರೆ ದ್ವೀಪದ ಸಾಲಿಗೆ ಬಂದೆವು ಎಂದು ಅರ್ಥ. ಈ ವಿದ್ಯೆಯನ್ನೆಲ್ಲ ‘ರಹ್ಮಾನಿ’ ಎಂಬ ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಕಾಲೇಜಿಲ್ಲ, ಸರ್ಟಿಫಿಕೇಟಿಲ್ಲ. ಅಪ್ಪನಿಂದ ಮಗನಿಗೆ ಬಂದ ಓದು.

ದಾರಿಯಲ್ಲಿ ಸಿಗುವವರು

ಅಳಿವೆ ದಾಟಿದ ಮೇಲೆ ಮೊದಲು ಹಸಿರು ಕದಡಿದ ನೀರು. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಇಂಕಿನಂಥ ಗಾಢ ನೀಲಿ. ದಡದ ತಟ್ಟು ಮುಗಿದು ನೆಲ ಒಮ್ಮೆಲೇ ಜಾರಿದೆ, ಅಡಿಯಲ್ಲಿ ಸಾವಿರ ಮೀಟರಿಗೂ ಮಿಕ್ಕಿ ಆಳ ಎಂದು ಆ ಬಣ್ಣವೇ ಹೇಳುತ್ತದೆ.

ಹಗಲು ಹಾರುಮೀನುಗಳು. ಮಂಜಿಯ ಮೂತಿಗೆ ಹೆದರಿ ಗುಂಪಾಗಿ ನೀರಿನಿಂದ ಚಿಮ್ಮಿ, ಈಜುರೆಕ್ಕೆ ಬಿಡಿಸಿ ನೂರಾರು ಅಡಿ ತೇಲಿ ಮತ್ತೆ ಬೀಳುತ್ತವೆ. ರಾತ್ರಿ ಒಂದೆರಡು ಹಡಗಿನ ಮೇಲೇ ಬೀಳುವುದುಂಟು. ಭಂಡಾರಿಗೆ ಬೆಳಗಿನ ತಿಂಡಿ ತಾನಾಗಿ ಬಂದ ಹಾಗೆ. ಡಾಲ್ಫಿನ್‌ಗಳು ಮೂತಿಯ ಮುಂದೆ ನುಗ್ಗುವ ನೀರಿನಲ್ಲಿ ಜೊತೆಗೆ ಓಡುತ್ತವೆ, ಕೆಲವು ಜಾತಿಯವು ಮೇಲೆ ಹಾರಿ ಬುಗುರಿಯ ಹಾಗೆ ತಿರುಗುತ್ತವೆ. ಅಮಾವಾಸ್ಯೆಯ ಆಚೀಚೆ ಮಂಜಿ ಸೀಳಿದ ನೀರು ಹಸಿರು ಬೆಂಕಿಯಂತೆ ಹೊಳೆಯುವುದೂ ಉಂಟು. ಭೂತವೂ ಅಲ್ಲ, ಪವಾಡವೂ ಅಲ್ಲ. ಕಣ್ಣಿಗೆ ಕಾಣದ ಕಡಲ ಜೀವಿಗಳು ಕದಡಿದಾಗ ಬೆಳಕು ಬಿಡುತ್ತವೆ.

ಕವರತ್ತಿಯ ಹತ್ತಿರ ಪಿಟ್ಟಿ ಎಂಬ ಮೂರು ಎಕರೆಯ ಒಂದು ದಿಬ್ಬ ಉಂಟು. ಒಂದು ಮರವಿಲ್ಲ, ಒಂದು ಮನೆಯಿಲ್ಲ. ಕಡಲ ಹಕ್ಕಿಗಳು ಸಾವಿರಗಟ್ಟಲೆ ಬಂದು ನೆಲದ ಮೇಲೇ ಮೊಟ್ಟೆ ಇಡುತ್ತವೆ.

ಲಗೂನಿನ ಒಳಗೆ ಹಸಿರಾಮೆ. ಇದು ದನದ ಹಾಗೆ ಕಡಲಹುಲ್ಲು ಮೇಯುವ ಆಮೆ. ಕಾನೂನು ಕಾಪಾಡಿದ್ದರಿಂದ ಅಗತ್ತಿಯಲ್ಲಿ ಆಮೆ ಹೆಚ್ಚಿತು, ಹುಲ್ಲು ಬೋಳಾಯಿತು. ಹುಲ್ಲಿನಲ್ಲಿ ಮರಿ ಮಾಡುವ ಮೀನು ಕಡಿಮೆಯಾಯಿತು ಎಂದು ಅಲ್ಲಿನ ಬೆಸ್ತರ ದೂರು. ಹುಲ್ಲು ಮುಗಿದ ಮೇಲೆ ಆಮೆಗಳು ಬೇರೆ ದ್ವೀಪದ ಲಗೂನಿಗೆ ಹೊರಟವು. ಗದ್ದೆಗೆ ಹಂದಿ ನುಗ್ಗಿದ ತಕರಾರು ನಮ್ಮಲ್ಲಿ, ಅವರಿಗೆ ಆಮೆಯದು.

ದ್ವೀಪ ಕಟ್ಟುವ ಹುಳ

ಈಗ ಮುಖ್ಯ ಪ್ರಶ್ನೆ. ಸುತ್ತ ಇಷ್ಟು ಕಡಲಿರುವಾಗ ಜಲ್ಲಿಯನ್ನೂ ಕೆಂಪುಕಲ್ಲನ್ನೂ ಮಂಗಳೂರಿನಿಂದ ಹೊತ್ತು ಹೋಗುವುದು ಯಾಕೆ ಮಾರಾಯ್ರೆ?

ಅಲ್ಲಿ ನಮ್ಮಂಥ ಕಲ್ಲೇ ಇಲ್ಲ. ಇಡೀ ಲಕ್ಷದ್ವೀಪದ ನೆಲ ಸೇರಿಸಿದರೆ 32 ಚದರ ಕಿಲೋಮೀಟರ್. ಹತ್ತು ದ್ವೀಪಗಳಲ್ಲಿ ಜನವಸತಿ, 2011ರ ಜನಗಣತಿಯಲ್ಲಿ ಸುಮಾರು 64 ಸಾವಿರ ಜನ. ಆ ನೆಲವೆಲ್ಲ ಹವಳದ ಪುಡಿ. ಹವಳ ಎಂದರೆ ಕಲ್ಲೂ ಅಲ್ಲ, ಗಿಡವೂ ಅಲ್ಲ, ಒಂದು ಸಣ್ಣ ಪ್ರಾಣಿ. ತನ್ನ ಸುತ್ತ ಸುಣ್ಣದ ಗೂಡು ಕಟ್ಟುತ್ತದೆ. ಸತ್ತ ಮೇಲೆ ಗೂಡಿನ ಮೇಲೆ ಗೂಡು. ಸಾವಿರಾರು ವರ್ಷಗಳಲ್ಲಿ ಅದೇ ಬಂಡೆಸಾಲು. ಗಿಳಿಮೀನು ಆ ಹವಳವನ್ನು ಕೆರೆದು ತಿಂದು ಹಿಂದಿನಿಂದ ಬಿಳಿ ಮರಳು ಬಿಡುತ್ತದೆ. ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುವ ಬೆಳ್ಳನೆಯ ಮರಳಿನಲ್ಲಿ ಒಂದು ಪಾಲು ಮೀನಿನ ಹೊಟ್ಟೆಯಿಂದ ಬಂದದ್ದು!

ಹಿಂದೆ ದ್ವೀಪದವರು ಹವಳದ ಕಲ್ಲು ಕಡಿದು ಗೋಡೆ ಕಟ್ಟುತ್ತಿದ್ದರು, ಸುಟ್ಟು ಸುಣ್ಣ ಮಾಡುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಆದರೆ ಹೊರಗಿನ ತೆರೆಯನ್ನು ತಡೆಯುವ ಗೋಡೆಯೂ ಆ ಬಂಡೆಸಾಲೇ. ಅದನ್ನು ಕಡಿದು ಮನೆ ಕಟ್ಟಿದರೆ ಅಡಿಪಾಯ ಕಿತ್ತು ಮಾಡಿಗೆ ಹಾಕಿದ ಹಾಗೆ. 2001ರಲ್ಲಿ ಬಂಡೆ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಪಟ್ಟಿಗೆ ಸೇರಿಸಿದರು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ. ಅಂದಮೇಲೆ ಮನೆ, ಶಾಲೆ, ಆಸ್ಪತ್ರೆ ಕಟ್ಟಲಿಕ್ಕೆ ಕಲ್ಲು ಹೊರಗಿನಿಂದಲೇ ಬರಬೇಕು. ನಮ್ಮ ದಕ್ಕೆಯಲ್ಲಿ ಧೂಳೆಬ್ಬಿಸುವ ಜಲ್ಲಿಯ ರಾಶಿಗೆ ಇಂಥದೊಂದು ಅರ್ಥ ಉಂಟು. ಇಲ್ಲಿಂದ ಒಂದು ಲೋಡು ಹೋದರೆ ಅಲ್ಲಿ ಅಷ್ಟು ಹವಳಕ್ಕೆ ಗುದ್ದಲಿ ಬೀಳುವುದಿಲ್ಲ.

ನೀರು ಬಿಸಿಯಾದರೆ

ಗುದ್ದಲಿಯನ್ನು ಕಾನೂನು ತಡೆಯಿತು. ಬಿಸಿಯನ್ನು ತಡೆಯುವ ಕಾನೂನಿಲ್ಲ. ಬೇಸಿಗೆಯ ಮಾಮೂಲಿ ಬಿಸಿಗಿಂತ ಕಡಲು ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ತನ್ನೊಳಗೆ ಸಾಕಿಕೊಂಡ ಪಾಚಿಯನ್ನು ಹೊರಗೆ ಹಾಕುತ್ತದೆ. ಬಣ್ಣವೂ ಊಟವೂ ಆ ಪಾಚಿಯಿಂದಲೇ. ಪಾಚಿ ಹೋದರೆ ಹವಳ ಬಿಳಿಚಿಕೊಂಡು ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ ಹೀಗಾಯಿತು. 2010ರಲ್ಲಿ, 2016ರಲ್ಲಿ, 2024ರಲ್ಲಿ ಮತ್ತೆ ಮತ್ತೆ ಆಯಿತು. ಅಗತ್ತಿ, ಕಡಮತ್, ಕವರತ್ತಿಯ ಬಂಡೆಸಾಲುಗಳನ್ನು 24 ವರ್ಷ ನೋಡಿದ ವಿಜ್ಞಾನಿಗಳ ಪ್ರಕಾರ ಜೀವಂತ ಹವಳದ ಹೊದಿಕೆ ಶೇಕಡ 37ರಿಂದ 19ಕ್ಕೆ ಇಳಿದಿದೆ. ಅಂದರೆ ಅರ್ಧಕ್ಕೆ ಅರ್ಧ ಖಲಾಸ್.

ಒಂದು ದ್ವೀಪವಂತೂ ಹೋಗಿಯೇ ಬಿಟ್ಟಿದೆ. ಬಂಗಾರಂ ಪಕ್ಕದ ಪರಳಿ-1 ಎಂಬ ಜನವಸತಿಯಿಲ್ಲದ ದಿಬ್ಬ ಕೊಚ್ಚಿ ಮುಳುಗಿದ ಸುದ್ದಿ 2017ರಲ್ಲಿ ಬಂತು. ಪಠ್ಯಪುಸ್ತಕದಲ್ಲಿ ಓದಿದ 36 ದ್ವೀಪದ ಲೆಕ್ಕ ಇನ್ನು ತಪ್ಪು.

ಮಳೆಗಾಲಕ್ಕೆ ಮುಂಚಿನ ಟ್ರಿಪ್ಪು

ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ ಮಂಜಿಗಳಿಗೆ ಕಡಲು ಬಂದ್. ಹಾಗಾಗಿ ಏಪ್ರಿಲ್, ಮೇ ಎಂದರೆ ದಕ್ಕೆಯಲ್ಲಿ ಅವಸರ. ನಾಲ್ಕು ತಿಂಗಳಿಗೆ ಬೇಕಾದ ಅಕ್ಕಿ ಬೇಳೆ, ಅರ್ಧಕ್ಕೆ ನಿಂತ ಕಟ್ಟಡದ ಸಿಮೆಂಟು, ಎಲ್ಲ ಮಳೆಗೆ ಮೊದಲು ಆಚೆ ದಡ ಸೇರಬೇಕು.

2025ರ ಮೇ 12ರಂದು ‘ಸಲಾಮತ್’ ಎಂಬ ಮಂಜಿ ಸಿಮೆಂಟು ಮತ್ತು ಕಟ್ಟಡದ ಸಾಮಾನು ಹೊತ್ತು ಇಲ್ಲಿಂದ ಕಡಮತ್‌ಗೆ ಹೊರಟಿತು. 14ರ ಬೆಳಗಿನ ಜಾವ ನೀರು ನುಗ್ಗಿ ಮುಳುಗಿತು. ಆರು ಜನ ಸಣ್ಣ ದೋಣಿಗೆ ಹಾರಿ ತೆರೆಯ ಮೇಲೆ ತಾಸುಗಟ್ಟಲೆ ಕಳೆದರು. ದಾರಿಯಲ್ಲಿ ಹೋಗುತ್ತಿದ್ದ ಒಂದು ದೊಡ್ಡ ಹಡಗಿನವರ ಕಣ್ಣಿಗೆ ಬಿದ್ದು ಸುದ್ದಿ ಮುಟ್ಟಿತು. ಕರಾವಳಿ ಕಾವಲು ಪಡೆಯ ‘ವಿಕ್ರಮ್’ ಹಡಗು ಹೋಗಿ ಆರೂ ಜನರನ್ನು ಜೀವಂತ ಎತ್ತಿಕೊಂಡಿತು. ಆ ಹಡಗಿನವರು ನೋಡದಿದ್ದರೆ?

ಈ ಪ್ರಶ್ನೆಗೆ ಉತ್ತರ ದಕ್ಕೆಯಲ್ಲೇ ಸಿಗಬೇಕು. ಹೊರಡುವ ಮುಂಚೆ ಹಲಗೆಯ ಸಂದು ನೋಡಿದರೇ? ಎರಡನೇ ಪಂಪು ಉಂಟೇ? ಎಲ್ಲರಿಗೂ ಲೈಫ್ ಜಾಕೆಟ್ ಉಂಟೇ? ವೈರ್‌ಲೆಸ್ ಮಾತಾಡುತ್ತದೆಯೇ? ಲೋಡು ಗೆರೆ ಮೀರಿದೆಯೇ? ಬಸ್ಸಿಗೆ ಬ್ರೇಕ್ ನೋಡದೆ ಘಾಟಿ ಇಳಿಸಿದರೆ ಜನ ಸುಮ್ಮನಿರುತ್ತಾರೆಯೇ? ಇಲ್ಲಿ ಕೇಳಲಿಕ್ಕೆ ಪ್ರಯಾಣಿಕರಿಲ್ಲ, ಇರುವುದು ಆರು ಖಲಾಸಿಗಳು. ಅವರ ಪರವಾಗಿ ಕೇಳಬೇಕಾದವರು ಸಾಮಾನು ಕಳಿಸುವ ವ್ಯಾಪಾರಿಗಳು, ಪರವಾನಗಿ ಕೊಡುವ ಅಧಿಕಾರಿಗಳು.

ಪ್ರತಿ ಸೆಪ್ಟೆಂಬರಿನಲ್ಲಿ ಕಡಲು ತೆರೆದ ಮೇಲೆ ಮೊದಲ ಮಂಜಿಗಳು ಅಳಿವೆ ದಾಟುತ್ತವೆ. ಆಚೆ ದಡದಲ್ಲಿ ಹಸಿ ತರಕಾರಿಗೆ ಕಾದವರು ಇರುತ್ತಾರೆ. ಬಂದರು ರಸ್ತೆಯಲ್ಲಿ ಈರುಳ್ಳಿ ಚೀಲ ತೂಗುವ ಅಂಗಡಿಯವರಿಗೆ ಅದು ಒಂದು ಬಿಲ್ಲು. ಮೂವತ್ತು ತಾಸಿನ ಆಚೆ, ಕಲ್ಲಿಲ್ಲದ, ಗದ್ದೆಯಿಲ್ಲದ, ದಿನೇ ದಿನೇ ಸವೆಯುತ್ತಿರುವ ಒಂದು ಊರಿಗೆ ಅದು ಊಟ.