ದನಿ ಅದೇ, ಪುಸ್ತಕವೂ ಅದೇ

‘ತ’ ಬೇರೆ, ‘ಟ’ ಬೇರೆ ಎಂಬುದರಲ್ಲಿ ನಮಗೆ ಅನುಮಾನವೇ ಇಲ್ಲ. ಇಂಗ್ಲಿಷ್ ಮನೆಮಾತಿನ ದೊಡ್ಡವರಿಗೆ ಈ ವ್ಯತ್ಯಾಸ ಕೇಳಿಸುವುದೇ ಕಷ್ಟ. ಅವರ ಮನೆಯ ಆರೇಳು ತಿಂಗಳ ಕೂಸಿಗೆ ಮಾತ್ರ ಸಲೀಸಾಗಿ ಕೇಳಿಸುತ್ತದೆ! ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಹಿಂದಿಯ ಇಂಥ ದನಿಗಳನ್ನೇ ಕೇಳಿಸಿ ಇದನ್ನು ತೋರಿಸಿದ್ದರು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಕುಂದುತ್ತದೆ.

ಕುಂದದಂತೆ ತಡೆಯಬಹುದೇ? ಅಮೆರಿಕದ ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಅವರ ತಂಡ ಒಂಬತ್ತು ತಿಂಗಳ ಕೂಸುಗಳನ್ನು ಮ್ಯಾಂಡರಿನ್ ಚೀನೀ ಮಾತಾಡುವವರ ಜೊತೆ ಬಿಟ್ಟಿತು. 25 ನಿಮಿಷದಂತೆ 12 ಸಲ. ಅವರು ಮಕ್ಕಳ ಪುಸ್ತಕ ಓದುತ್ತಿದ್ದರು, ಆಟಿಕೆ ಹಿಡಿದು ಆಡಿಸುತ್ತಿದ್ದರು, ಎಲ್ಲವೂ ಮ್ಯಾಂಡರಿನ್‌ನಲ್ಲೇ.

ಪರೀಕ್ಷೆಯ ಬಗೆ ಸೊಗಸಾಗಿದೆ. ಅಮ್ಮನ ತೊಡೆಯ ಮೇಲೆ ಕೂಸು. ಸ್ಪೀಕರಿನಲ್ಲಿ ಒಂದೇ ದನಿ ಮತ್ತೆ ಮತ್ತೆ. ದನಿ ಬದಲಾದರೆ ಪಕ್ಕದ ಪೆಟ್ಟಿಗೆಯಲ್ಲಿ ದೀಪ ಹೊತ್ತಿ ಗೊಂಬೆ ಕುಣಿಯುತ್ತದೆ. ವ್ಯತ್ಯಾಸ ತಿಳಿದ ಕೂಸು ಗೊಂಬೆ ಕುಣಿಯುವ ಮೊದಲೇ ಅತ್ತ ಕತ್ತು ಹೊರಳಿಸುತ್ತದೆ. ಅರಿವಿಲ್ಲದೆ ಸುಳಿವು ಕೊಟ್ಟಾರೆಂದು ಅಮ್ಮನ ಕಿವಿಗೆ ಹೆಡ್‌ಫೋನ್.

ಹುಟ್ಟಿದಂದಿನಿಂದ ಮ್ಯಾಂಡರಿನ್ ಕೇಳಿ ಬೆಳೆದ ತೈವಾನಿನ ಕೂಸುಗಳಿಗೆ ಸರಿಸಮನಾಗಿ ಸಿಯಾಟಲ್ಲಿನ ಕೂಸುಗಳು ಕತ್ತು ಹೊರಳಿಸಿದವು. ಬರೀ ಐದು ಗಂಟೆಯ ಒಡನಾಟಕ್ಕೆ!

ನಿಜವಾದ ಅಚ್ಚರಿ ಕಾದಿದ್ದು ಆಮೇಲೆ. ಅದೇ ಜನ, ಅದೇ ಪುಸ್ತಕ, ಅದೇ ಆಟಿಕೆ, ಅಷ್ಟೇ ಹೊತ್ತು. ಆದರೆ ಈ ಸಲ ಟೀವಿಯಲ್ಲಿ, ಬೇರೆ ಕೂಸುಗಳಿಗೆ. ಅವು ನೋಡಿದವು, ಕಲಿಯಲಿಲ್ಲ. ಮ್ಯಾಂಡರಿನ್ನನ್ನು ಕೇಳಿಯೇ ಇರದ ಕೂಸುಗಳಿಗಿಂತ ಒಂದಿಷ್ಟೂ ಮುಂದಿರಲಿಲ್ಲ. ದನಿ ಮಾತ್ರ ಕೇಳಿಸಿದಾಗಲೂ ಅಷ್ಟೇ. 2003ರಲ್ಲಿ ಇದು ಪ್ರಕಟವಾಯಿತು.

ಇಂಗ್ಲಿಷ್ ಬರಲೆಂದು ಕೂಸಿನ ಮುಂದೆ ಮೊಬೈಲಿನಲ್ಲಿ ರೈಮ್ಸ್ ಹಾಕಿಡುವ ನಮ್ಮ ಅಪ್ಪ–ಅಮ್ಮಂದಿರಿಗೆ ಈ ಪ್ರಯೋಗದ ಸುದ್ದಿ ತಲುಪಬೇಕು ಅನ್ನಿಸುತ್ತದೆ. ಪುಸ್ತಕ ಓದುವ ಅಜ್ಜಿ ಮೊಮ್ಮಗಳ ಕಣ್ಣು ಹೋದಲ್ಲಿಗೆ ತನ್ನ ಬೆರಳನ್ನೂ ಒಯ್ಯುತ್ತಾಳೆ, ಅವಳು ‘ಆಂ’ ಅಂದರೆ ತಾನೂ ನಿಂತು ‘ಆಂ’ ಅನ್ನುತ್ತಾಳೆ. ಟೀವಿ ನಿಲ್ಲುವುದಿಲ್ಲ.

ತಪ್ಪು ಗಾಜಿನ ಪರದೆಯದೇ ಅಲ್ಲ ಎಂಬುದೂ ಮುಂದೆ ತಿಳಿಯಿತು. 2014ರಲ್ಲಿ ಪ್ರಕಟವಾದ ಇನ್ನೊಂದು ತಂಡದ ಅಧ್ಯಯನದಲ್ಲಿ, ಎರಡು–ಎರಡೂವರೆ ವರ್ಷದ ಮಕ್ಕಳು ವಿಡಿಯೋ ಕರೆಯಲ್ಲಿ ಹೊಸ ಪದಗಳನ್ನು ಕಲಿತರು. ಆ ಬದಿಯಲ್ಲಿದ್ದವರು ಮಗುವಿಗೆ ಮಾರುತ್ತರ ಕೊಡುತ್ತಿದ್ದರು. 2018ರಲ್ಲಿ ಕೂಲ್ ಅವರ ತಂಡವೇ ಮತ್ತೆ ಮ್ಯಾಂಡರಿನ್ ವಿಡಿಯೋ ತೋರಿಸಿತು. ಈ ಸಲ ಕೂಸೇ ಪರದೆ ಮುಟ್ಟಿ ಅದನ್ನು ಓಡಿಸಬಹುದಿತ್ತು. ಒಂಟಿಯಾಗಿ ನೋಡಿದವುಗಳಿಗಿಂತ, ಪಕ್ಕದಲ್ಲಿ ಇನ್ನೊಂದು ಕೂಸು ಇದ್ದವುಗಳ ಮಿದುಳಿನ ಅಲೆಗಳಲ್ಲಿ ಕಲಿಕೆಯ ಗುರುತು ಹೆಚ್ಚು ಸ್ಪಷ್ಟವಾಗಿತ್ತು.