ಉಳುಕಿದ ಕಾಲನ್ನು ತಿಕ್ಕಬೇಡಿ

ಮೆಟ್ಟಿಲು ಇಳಿಯುವಾಗ ಮಗನ ಕಾಲು ಉಳುಕುತ್ತದೆ. ಮನೆಯ ಹಿರಿಯರು ಕೂಡಲೇ ಎಣ್ಣೆ ಬಿಸಿ ಮಾಡಿ ನೋವಿರುವ ಜಾಗವನ್ನು ಬಲವಾಗಿ ತಿಕ್ಕುತ್ತಾರೆ. ಹುಡುಗ ಅತ್ತರೆ, "ಸ್ವಲ್ಪ ತಾಳಿಕೋ, ನರ ಸರಿಯಾಗುತ್ತದೆ" ಎಂದು ಸಮಾಧಾನ ಹೇಳುತ್ತಾರೆ. ಮರುದಿನ ಬೆಳಿಗ್ಗೆ ಪಾದ ಚಪ್ಪಲಿಗೆ ಹಿಡಿಸದಷ್ಟು ಊದಿಕೊಂಡಿರುತ್ತದೆ. ತಿಕ್ಕಿದ್ದು ಸಾಲಲಿಲ್ಲವೆಂದು ಮತ್ತೆ ತಿಕ್ಕುತ್ತಾರೆ. ಪ್ರೀತಿಯಿಂದ ಮಾಡಿದ ಈ ಉಪಚಾರವೇ ಗಾಯವನ್ನು ದೊಡ್ಡದು ಮಾಡುತ್ತದೆ.

ಊತ ಹೆಚ್ಚುವುದೇಕೆ?

ಕಾಲು ಉಳುಕಿದಾಗ ಪೆಟ್ಟಾಗುವುದು ಸಾಮಾನ್ಯವಾಗಿ ನರಕ್ಕಲ್ಲ. ಮೂಳೆಗಳನ್ನು ಒಂದಕ್ಕೊಂದು ಬಿಗಿದಿಟ್ಟಿರುವ ಲಿಗಮೆಂಟ್ ಎಂಬ ಗಟ್ಟಿ ಪಟ್ಟಿ ಅತಿಯಾಗಿ ಎಳೆದಿರುತ್ತದೆ ಅಥವಾ ಹರಿದಿರುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳೂ ಒಡೆದು ರಕ್ತ, ನೀರು ಸೋರುತ್ತವೆ. ದೇಹವು ರಕ್ತವನ್ನು ಹೆಪ್ಪುಗಟ್ಟಿಸಿ ಈ ಸೋರಿಕೆಯನ್ನು ನಿಲ್ಲಿಸುತ್ತದೆ. ಆಗ ತಿಕ್ಕಿದರೆ ಹೆಪ್ಪು ಕಳಚಿ ಮತ್ತೆ ರಕ್ತ ಸೋರುತ್ತದೆ. ಶಾಖವು ರಕ್ತನಾಳಗಳನ್ನು ಹಿಗ್ಗಿಸಿ ಊತವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಮೂಳೆ ಮುರಿದಿದ್ದರೆ ಅಪಾಯ ಇನ್ನೂ ಹೆಚ್ಚು. ತಿಕ್ಕುವಾಗ ಅದು ಜರುಗಬಹುದು. ಮಕ್ಕಳ ಮೊಣಕೈಗೆ ಪೆಟ್ಟಾದಾಗ ತಿಕ್ಕಿದರೆ, ಸ್ನಾಯುವಿನೊಳಗೇ ಮೂಳೆ ಬೆಳೆದು ಕೈ ಮಡಚಲು ಆಗದಂತಾಗುವುದೂ ಉಂಟು.

ಮೊದಲ ಎರಡು-ಮೂರು ದಿನ

* ಕಾಲಿಗೆ ವಿಶ್ರಾಂತಿ ಕೊಡಿ. ನಮಾಝ್‌ನಲ್ಲಿ ಪಾದ ಮಡಚಿ ಕೂರಲು ನೋವಾದರೆ ಕುರ್ಚಿಯಲ್ಲಿ ಕುಳಿತು ನಿರ್ವಹಿಸಿ. ಕಾಯಿಲೆಯವರಿಗೆ ಆ ವಿನಾಯಿತಿ ಇದೆ.
* ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಎರಡು-ಮೂರು ಗಂಟೆಗೊಮ್ಮೆ ಮತ್ತೆ ಮಾಡಿ. ಬರಿಯ ಐಸನ್ನು ಚರ್ಮಕ್ಕೆ ತಾಗಿಸಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ವೈದ್ಯರನ್ನು ಕೇಳದೆ ಐಸ್ ಇಡಬಾರದು.
* ಕ್ರೇಪ್ ಬ್ಯಾಂಡೇಜ್ ಸುತ್ತಿ. ಬೆರಳು ಜೋಮು ಹಿಡಿದರೆ ಅಥವಾ ನೀಲಿಯಾದರೆ ತಕ್ಷಣ ಸಡಿಲಿಸಿ.
* ಮಲಗುವಾಗ ಕಾಲಡಿ ದಿಂಬುಗಳನ್ನಿಟ್ಟು ಎದೆಗಿಂತ ಎತ್ತರದಲ್ಲಿಡಿ.

ಈಗಾಗಲೇ ತಿಕ್ಕಿ ಊತ ಬಂದಿದ್ದರೆ, ತಿಕ್ಕುವುದನ್ನು ನಿಲ್ಲಿಸಿ ಇದೇ ಕ್ರಮ ಅನುಸರಿಸಿ.

ವೈದ್ಯರ ಬಳಿ ಯಾವಾಗ?

ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಹರಡಿನ ಮೂಳೆಯನ್ನು ಒತ್ತಿದಾಗ ತೀವ್ರ ನೋವಿದ್ದರೆ ಅಥವಾ ಕಾಲು ಸೊಟ್ಟಗೆ ಕಂಡರೆ ಎಕ್ಸ್‌ರೇ ಮಾಡಿಸಬೇಕು. ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡರೆ, ನೋವು ಗಂಟೆಗಂಟೆಗೂ ಏರುತ್ತಾ ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿದವರಿಗೂ ಇದೇ ಮಾತು. ರಕ್ತಸಂಚಾರ ನಿಂತರೆ ಕೈಕಾಲನ್ನೇ ಕಳೆದುಕೊಳ್ಳಬೇಕಾದೀತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸಣ್ಣ ಪೆಟ್ಟಿನ ಊತವನ್ನೂ ಕಡೆಗಣಿಸಬಾರದು.

ಪೆಟ್ಟೇ ಆಗದೆ ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಅದನ್ನೂ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ.

ಮಸಾಜ್ ಯಾವಾಗಲೂ ಕೆಟ್ಟದ್ದೆಂದಲ್ಲ. ಊತ ಇಳಿದು, ಮೂಳೆಗೆ ಏನೂ ಆಗಿಲ್ಲವೆಂದು ಖಚಿತವಾದ ಬಳಿಕ, ಫಿಸಿಯೋಥೆರಪಿಸ್ಟರ ಸಲಹೆಯಂತೆ ಹಗುರವಾಗಿ ನೀವಬಹುದು. ಅಲ್ಲಿಯವರೆಗೆ ಎಣ್ಣೆಯ ಬಾಟಲಿ ಕಪಾಟಿನಲ್ಲೇ ಇರಲಿ.